ಬ್ರೈಟನ್ ಕಡಲಲ್ಲಿ ನಿಂತಿರುವ ಆ ಕಬ್ಬಿಣದ ಅಸ್ಥಿಪಂಜರ: ವೆಸ್ಟ್ ಪಿಯರ್ ಬಗ್ಗೆ ಗೊತ್ತಿದ್ದವರು ಬರೆಯಿರಿ

ಹೋವ್‌ನವಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ನೋಡಲು ಬರುವ ನಮ್ಮವರು ಸಾಮಾನ್ಯವಾಗಿ, ಕಂಬಗಳ ಮೇಲೆ ಕಡಲೊಳಕ್ಕೆ ಚಾಚಿರುವ ಪ್ಯಾಲೇಸ್ ಪಿಯರ್ ಎಂಬ ಅಟ್ಟಣೆಯ ಮೇಲೆ ಒಂದು ಸುತ್ತು ಹಾಕಿ, ಬಿಸಿ ಡೋನಟ್ ತಿಂದು, ರಾಯಲ್ ಪೆವಿಲಿಯನ್ ಅರಮನೆಯ ಎದುರು ಫೋಟೊ ತೆಗೆಸಿಕೊಂಡು ಸಂಜೆಯ ರೈಲು ಹಿಡಿಯುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ ಕಾಲು ಗಂಟೆ ನಡೆದರೆ ದಡದಿಂದ ದೂರದಲ್ಲಿ, ನೀರಿನ ನಡುವೆ, ಛಾವಣಿಯೂ ಇಲ್ಲದ ನೆಲವೂ ಇಲ್ಲದ ಒಂದು ಕಬ್ಬಿಣದ ಚೌಕಟ್ಟು ನಿಂತಿದೆ. ನಮ್ಮ ಮನೆಗೆ ಬಂದ ನೆಂಟರಲ್ಲಿ ಅದನ್ನು ಸುಟ್ಟ ಹಡಗು ಅಂದುಕೊಂಡವರಿದ್ದಾರೆ. ಅದು ವೆಸ್ಟ್ ಪಿಯರ್.

ಕಟ್ಟಿದವನು ಯೂಜೀನಿಯಸ್ ಬರ್ಚ್. ಕೆಲಸ ಶುರುವಾದದ್ದು 1863ರಲ್ಲಿ, ಜನರಿಗೆ ತೆರೆದದ್ದು 1866ರ ಅಕ್ಟೋಬರ್‌ನಲ್ಲಿ. ಉದ್ದ ಸುಮಾರು 340 ಮೀಟರ್. ಹಡಗಿನಿಂದ ಸಾಮಾನು ಇಳಿಸಲು ಕಟ್ಟಿದ್ದಲ್ಲ, ಹಡಗು ಹತ್ತದೆಯೇ ಸಮುದ್ರದ ಮೇಲೆ ನಡೆದಾಡಲು ಕಟ್ಟಿದ್ದು. ಬಾಗಿಲಲ್ಲಿ ಸುಂಕ ಕೊಟ್ಟು ಒಳಗೆ ಹೋದರೆ ಮರದ ಹಲಗೆಯ ನೆಲ, ಗಾಳಿ ತಡೆಯಲು ಗಾಜಿನ ಮರೆ, ಅದರ ಹಿಂದೆ ಕೂರಲು ಬೆಂಚು, ಎಂಟು ಮೂಲೆಯ ಪುಟ್ಟ ಮಂಟಪಗಳು, ಹಾವುಗಳು ಹೆಣೆದುಕೊಂಡಿರುವ ದೀಪದ ಕಂಬಗಳು. ಆ ಹಾವಿನ ಆಕೃತಿ ರಾಯಲ್ ಪೆವಿಲಿಯನ್ ಅಲಂಕಾರದಿಂದ ಬಂದದ್ದು. ಎದುರಿನ ರೀಜೆನ್ಸಿ ಸ್ಕ್ವೇರ್ ನಿವಾಸಿಗಳು ಮಾತ್ರ, ಸುಂಕದ ಕಟ್ಟೆಗಳಿಂದ ತಮ್ಮ ಕಿಟಕಿಗೆ ಕಡಲು ಕಾಣದಂತಾಗುತ್ತದೆ ಎಂದು ಜಗಳ ತೆಗೆದಿದ್ದರು.

ಆಮೇಲೆ ಕಾಲ ಬದಲಾದ ಹಾಗೆ ಅದೂ ಬದಲಾಯಿತು. 1893ರಲ್ಲಿ ಪಿಯರ್‌ನ ತುದಿಯಲ್ಲಿ ಪೆವಿಲಿಯನ್ ಎಂಬ ದೊಡ್ಡ ಸಭಾಭವನ ಬಂತು, 1903ಕ್ಕೆ ಅದು ನಾಟಕಶಾಲೆಯಾಯಿತು. 1916ರಲ್ಲಿ ನಡುಮಧ್ಯೆ ಸಂಗೀತ ಸಭಾಂಗಣ. ಮೊದಲನೇ ಮಹಾಯುದ್ಧ ಮುಗಿದ 1919ರ ಹೊತ್ತಿಗೆ ವರ್ಷಕ್ಕೆ ಸುಮಾರು 20 ಲಕ್ಷ ಜನ ಬರುತ್ತಿದ್ದರಂತೆ.

ನನಗೆ ಈ ಊರಲ್ಲಿ ಅತಿ ಪ್ರಿಯವಾದ ವಸ್ತು ಅದು. ಪಿಯರ್ ಮೇಲೆ ನಡೆದವರು, ನಡೆದವರಿಂದ ಕೇಳಿದವರು, ಅದರ ಕಟ್ಟೋಣ ಬಲ್ಲವರು ಇಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಇನ್ನೊಂದು ಪ್ರಶ್ನೆಯೂ ಇದೆ. ಆ ಚೌಕಟ್ಟನ್ನು ಕಿತ್ತುಹಾಕಬೇಕು ಎನ್ನುವವರು ಇಲ್ಲಿ ಆಗಾಗ ಎದ್ದು ನಿಲ್ಲುತ್ತಾರೆ. ನಿಮಗೇನನಿಸುತ್ತದೆ?

ಸೇತುವೆ ಮೇಷ್ಟ್ರು

ಮೇಡಂ, ನಾನು ಮೈಸೂರಿನವನು, ಸೇತುವೆ ಕೆಲಸದಲ್ಲೇ ನಿವೃತ್ತನಾದವನು. ಕಟ್ಟೋಣದ ಬಗ್ಗೆ ಹೇಳುತ್ತೇನೆ, ಏಕೆಂದರೆ ಆ ಪಿಯರ್ ಬದುಕಿದ್ದಕ್ಕೂ ಸತ್ತಿದ್ದಕ್ಕೂ ಕಾರಣ ಅದರೊಳಗೇ ಇದೆ.

ಕಡಲ ತಳದಲ್ಲಿ ಮರಳು, ಜಲ್ಲಿ ಇದ್ದರೆ ಕಂಬ ನಿಲ್ಲಿಸುವುದು ಕಷ್ಟ. ಬಡಿದು ಇಳಿಸಲು ಹೋದರೆ ಬೀಡುಕಬ್ಬಿಣ (ಅಚ್ಚಿನಲ್ಲಿ ಎರಕ ಹೊಯ್ದ ಕಬ್ಬಿಣ) ಸೀಳುತ್ತದೆ. ಇದಕ್ಕೆ ದಾರಿ ಕಂಡುಹಿಡಿದವನು ಅಲೆಕ್ಸಾಂಡರ್ ಮಿಚೆಲ್ ಎಂಬ ಐರ್ಲೆಂಡಿನ ಇಂಜಿನಿಯರ್. ಎರಡೂ ಕಣ್ಣು ಕಾಣುತ್ತಿರಲಿಲ್ಲ. ಕಂಬದ ಬುಡಕ್ಕೆ ಅಗಲವಾದ ತಿರುಪಿನ ಅಲಗು ಹಾಕಿ, ಮೇಲಿನಿಂದ ತಿರುಗಿಸುತ್ತಾ ನೆಲಕ್ಕೆ ಇಳಿಸುವ ವಿಧಾನಕ್ಕೆ 1833ರಲ್ಲಿ ಪೇಟೆಂಟ್ ಪಡೆದ. ಮೊದಲು ದೀಪಸ್ತಂಭಗಳಿಗೆ ಬಳಸಿದರು. ಬರ್ಚ್ ಅದನ್ನು 1855ರಲ್ಲಿ ತೆರೆದ ಮಾರ್ಗೇಟ್ ಪಿಯರ್‌ನಲ್ಲಿ ಬಳಸಿದ, ಆಮೇಲೆ ಒಂದಾದ ಮೇಲೊಂದರಂತೆ ಒಟ್ಟು 14 ಪಿಯರ್ ಕಟ್ಟಿದ. ಬ್ಲ್ಯಾಕ್‌ಪೂಲ್ ನಾರ್ತ್, ಅಬರಿಸ್ಟ್‌ವಿತ್, ಈಸ್ಟ್‌ಬೋರ್ನ್, ಹೇಸ್ಟಿಂಗ್ಸ್, ಬೋರ್ನ್‌ಮತ್ ಎಲ್ಲ ಅವನವೇ. ಅದಕ್ಕೂ ಮೊದಲು ಆತ ನಮ್ಮ ದೇಶದಲ್ಲಿ ಕಲ್ಕತ್ತಾ–ದೆಹಲಿ ರೈಲುಮಾರ್ಗದ ಕೆಲಸದಲ್ಲಿದ್ದವನು. ಅವನ ಪಿಯರ್‌ಗಳ ಪೂರ್ವದೇಶದ ಛಾಯೆಗೆ ಆ ದಿನಗಳೂ ಕಾರಣ ಎನ್ನುತ್ತಾರೆ.

ಕೆಳಗಿನ ಕಂಬಗಳು ಬೀಡುಕಬ್ಬಿಣ, ಮೇಲಿನ ತೊಲೆಗಳು ಮೆದುಕಬ್ಬಿಣ. ಬೀಡು ಭಾರ ಹೊರುತ್ತದೆ, ಆದರೆ ಬಗ್ಗಿಸಿದರೆ ಮುರಿಯುತ್ತದೆ. ಬಗ್ಗುವ ಕೆಲಸವನ್ನೆಲ್ಲ ತೊಲೆಗಳೂ ಅಡ್ಡಪಟ್ಟಿಗಳೂ ಮಾಡಬೇಕು. ಕಂಬಗಳು ತೆಳ್ಳಗೆ, ನಡುವೆ ಅಂತರ ಜಾಸ್ತಿ. ಅಲೆಗೆ ಎದುರು ನಿಲ್ಲುವ ಗೋಡೆಯೇ ಇಲ್ಲ, ನೀರು ಸಂದಿಯಲ್ಲಿ ನುಗ್ಗಿ ಹೋಗುತ್ತದೆ. ಬಹಳ ಜಾಣ ವಿನ್ಯಾಸ. ತೊಂದರೆ ಎಲ್ಲಿ ಅಂದರೆ, ಉಬ್ಬರದಲ್ಲಿ ನೆನೆದು ಇಳಿತದಲ್ಲಿ ಒಣಗುವ ಪಟ್ಟಿಯಲ್ಲಿ. ಅಲ್ಲಿನ ಕೂಡುಜಾಗಗಳನ್ನು ವರ್ಷವರ್ಷವೂ ನೋಡಿ, ತುಕ್ಕು ಕೆರೆದು, ಬಣ್ಣ ಬಳಿದು, ಹೋದ ಅಡ್ಡಪಟ್ಟಿ ಬದಲಿಸಿದರೆ ನೂರೈವತ್ತು ವರ್ಷವೂ ನಿಲ್ಲುತ್ತದೆ. ಐದು ವರ್ಷ ಕೈಬಿಟ್ಟರೆ ಖರ್ಚು ಹತ್ತು ಪಟ್ಟು. ವೆಸ್ಟ್ ಪಿಯರನ್ನು ಕೈಬಿಟ್ಟದ್ದು ಮೂವತ್ತು ವರ್ಷ.

ಕುಡ್ಲದ ಕಡಲು

ಮೇಷ್ಟ್ರೆ, ಲಾಯ್ಕ ವಿವರಿಸಿದಿರಿ. ಈ ತಿರುಪುಕಂಬದ ಪಿಯರ್ ನಮ್ಮಲ್ಲಿಯೂ ಇತ್ತು ಮಾರಾಯ್ರೆ. ಮದ್ರಾಸಿನಲ್ಲಿ 1860ರ ಆಸುಪಾಸಿನಲ್ಲಿ ಕಟ್ಟಿದ್ದು ಅದೇ ತರದ್ದು, ಚಂಡಮಾರುತಕ್ಕೆ ಪೆಟ್ಟು ತಿಂದಿತು. ಕಲ್ಲಿಕೋಟೆಯ ಬೀಚಿನಲ್ಲಿ ಹಳೆ ಪಿಯರ್‌ನ ಕಬ್ಬಿಣದ ಕಂಬಗಳು ನೀರಲ್ಲಿ ನಿಂತದ್ದನ್ನು ನಾನೇ ನೋಡಿದ್ದೇನೆ. ಪಾಂಡಿಚೇರಿಯದ್ದಂತೂ ವೆಸ್ಟ್ ಪಿಯರ್ ತೆರೆದ ಅದೇ 1866ರಲ್ಲಿ ಆದದ್ದು, 1952ರ ಚಂಡಮಾರುತಕ್ಕೆ ಹೋಯಿತು. ಆದರೆ ಅವೆಲ್ಲ ದುಡಿಯಲಿಕ್ಕೆ ಕಟ್ಟಿದ ದಕ್ಕೆಗಳು. ಮೂಟೆ, ಪೀಪಾಯಿ, ಕೂಲಿಯಾಳು. ಬರೇ ಗಾಳಿ ತಿನ್ನಲಿಕ್ಕೆ ಇಷ್ಟು ಕಬ್ಬಿಣ ಹಾಕಿದ್ದು ಯಾಕೆ ಅಂತ ನನಗೆ ಇನ್ನೂ ಅರ್ಥ ಆಗುವುದಿಲ್ಲ. ಅಷ್ಟು ಜನ ಬಂದದ್ದಾದರೂ ಹೇಗೆ?

ಹೋವ್‌ನವಳು

ರೈಲಿನಿಂದ. ಲಂಡನ್–ಬ್ರೈಟನ್ ರೈಲು ಪೂರ್ತಿಯಾದದ್ದು 1841ರಲ್ಲಿ. ಅದಕ್ಕೂ ತೊಂಬತ್ತು ವರ್ಷ ಮೊದಲು ರಿಚರ್ಡ್ ರಸೆಲ್ ಎಂಬ ವೈದ್ಯ, ಕಡಲ ನೀರಲ್ಲಿ ಮೀಯುವುದು ಮಾತ್ರವಲ್ಲ, ಕುಡಿಯುವುದೂ ರೋಗಕ್ಕೆ ಮದ್ದು ಎಂದು ಪುಸ್ತಕ ಬರೆದು ಶ್ರೀಮಂತರನ್ನು ಇಲ್ಲಿಗೆ ತಂದಿದ್ದ. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮೊಹಮ್ಮದ್ ಇದೇ ದಂಡೆಯ ಮೇಲೆ ಹಬೆಸ್ನಾನ, ಚಂಪಿಯ ಮನೆ ತೆರೆದು ಇಬ್ಬರು ರಾಜರಿಗೆ ಮಾಲೀಶು ಮಾಡುವಷ್ಟು ಹೆಸರು ಮಾಡಿದ. ಅವನ ಸಮಾಧಿ ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿದೆ.

ರೈಲು ಬಂದ ಮೇಲೆ ಕಾರ್ಖಾನೆಯ ಜನವೂ ಬರಲಾರಂಭಿಸಿದರು. 1871ರ ಕಾನೂನಿನಿಂದ ಬ್ಯಾಂಕ್ ರಜೆ ಎಂಬ ಸಾರ್ವತ್ರಿಕ ರಜಾದಿನಗಳು ಸಿಕ್ಕ ಮೇಲೆ ಇನ್ನೂ ಹೆಚ್ಚು. ವಾರವೆಲ್ಲ ಲಂಡನ್ನಿನ ಹೊಗೆಯಲ್ಲಿದ್ದವರಿಗೆ ಮೂರು ಕಡೆ ನೀರು, ಮೇಲೆ ಆಕಾಶ, ಕಿವಿಗೆ ಬ್ಯಾಂಡ್ ವಾದ್ಯ. ಗಾಳಿ ತಿನ್ನುವುದು ಎಂದರೆ ಅವರಿಗೆ ನಿಜವಾದ ಅವಶ್ಯಕತೆಯೇ ಆಗಿತ್ತು, ಕುಡ್ಲದವರೇ.

ಮೊದಲು ಇಲ್ಲಿದ್ದ ಚೈನ್ ಪಿಯರ್ ನಿಮ್ಮ ದಕ್ಕೆಯ ಜಾತಿಯದೇ. 1823ರಲ್ಲಿ ಸ್ಯಾಮುಯೆಲ್ ಬ್ರೌನ್ ಎಂಬ ನೌಕಾ ಕ್ಯಾಪ್ಟನ್ ತೂಗುಸೇತುವೆಯಂತೆ ಸರಪಳಿಯಲ್ಲಿ ಕಟ್ಟಿದ್ದ. ಫ್ರಾನ್ಸಿನ ದಿಯೆಪ್‌ಗೆ ಹೋಗುವ ಹಡಗು ಅಲ್ಲಿಂದ ಹೊರಡುತ್ತಿತ್ತು. 1896ರ ಡಿಸೆಂಬರ್ ಬಿರುಗಾಳಿ ಒಂದೇ ರಾತ್ರಿಯಲ್ಲಿ ಕೊಂಡೊಯ್ಯಿತು. ಅದರ ಸುಂಕದ ಮನೆಗಳು ಇವತ್ತಿಗೂ ಪ್ಯಾಲೇಸ್ ಪಿಯರ್ ಮೇಲೆ ಅಂಗಡಿಗಳ ನಡುವೆ ಇವೆ. ಮುಂದಿನ ಸಲ ಹೋದಾಗ ಹುಡುಕಿ ನೋಡಿ.

ಧಾರವಾಡದಾಂವ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಸೋದರಮಾವ ಸಸೆಕ್ಸ್ ಯೂನಿವರ್ಸಿಟಿಗೆ ಎಪ್ಪತ್ತರ ದಶಕದ ಸುರುವಿನ್ಯಾಗ ಓದಾಕ ಹೋಗಿದ್ದರು. ವೆಸ್ಟ್ ಪಿಯರ್ ಮ್ಯಾಲೆ ಅಡ್ಡ್ಯಾಡಿದವರು. ಅವರು ಹೇಳಿದ್ದನ್ನ ಹಂಗ ಬರೀತೀನಿ.

ಅವರು ಹೋಗೋದ್ರಾಗ ತುದಿಯ ನಾಟಕಶಾಲಿ ಕಡೆ ಬೇಲಿ ಹಾಕಿ ಬಂದ್ ಮಾಡಿದ್ದರಂತ. ನಾಟಕ ಯಾವಾಗೋ ನಿಂತುಹೋಗಿತ್ತು. ಎರಡನೇ ಮಹಾಯುದ್ಧದಾಗ ಜರ್ಮನ್ನರು ಬಂದು ಇಳಿದಾರು ಅಂತ ಪಿಯರಿನ ನಡುವಿನ ತುಂಡನ್ನ ತಾವ ಕಿತ್ತಿದ್ದರು, ಯುದ್ಧ ಮುಗಿದ ಮ್ಯಾಲೆ ಕೂಡಿಸಿದರೂ ಮೊದಲಿನ ಕಳೆ ಬರಲಿಲ್ಲ. ಸಂಗೀತದ ಹಾಲ್‌ನ್ಯಾಗ ಚಹಾದ ಅಂಗಡಿ ನಡೀತಿತ್ತು. ಗುಂಡಗಿನ ಎತ್ತರದ ಮಾಳಿಗಿ, ಕಮಾನು, ಅದರ ಕೆಳಗ ನಾಕೈದು ಮಂದಿ ಮುದುಕರು ಕೋಟು ಹಾಕ್ಕೊಂಡು ಚಹಾ ಕುಡಕೋತ ಕೂಡತಿದ್ದರು. ಹೊರಗ ನಾಣ್ಯ ಹಾಕಿದರ ಆಡೋ ಮಷೀನು. 1971ರ ಫೆಬ್ರುವರಿಯೊಳಗ ಬ್ರಿಟನ್ನಿನ ರೊಕ್ಕ ದಶಮಾಂಶಕ್ಕ ಬದಲಾತು, ಆದರ ಹಳೇ ಮಷೀನಿಗೆ ಹಳೇ ದೊಡ್ಡ ಪೆನ್ನಿನೇ ಬೇಕು. ಅದಕ್ಕ ಕೌಂಟರ್‌ನ್ಯಾಗ ಹೊಸ ರೊಕ್ಕ ತಗೊಂಡು ಹಳೇ ಪೆನ್ನಿ ಕೊಡತಿದ್ದರಂತ. ಅಂಥಾ ಒಂದು ಪೆನ್ನಿ ಮಾವನ ಪೆಟ್ಟಿಗ್ಯಾಗ ಇನ್ನೂ ಐತಿ, ರಾಣಿ ವಿಕ್ಟೋರಿಯಾನ ಮಾರಿ ಸವೆದು ನುಣ್ಣಗಾಗೇತಿ.

ಮಾವ ಹೇಳತಿದ್ದರು, ಹಲಗಿ ಸಂದ್ಯಾಗಿಂದ ಕೆಳಗ ನೀರು ಕಾಣತಿತ್ತು, ಮೊದಲನೇ ಸಲ ಹೆಜ್ಜಿ ಇಡಾಕ ಕಾಲು ನಡುಗಿದ್ದವು ಅಂತ. ಸಮುದ್ರಾನ ನೋಡಿರಲಾರದ ಧಾರವಾಡದ ಹುಡುಗ. ಅಲ್ಲಿ ಕೂತ ಅವರು ಮನಿಗೆ ಕಾಗದ ಬರೀತಿದ್ದರು. 1975ರಾಗ ಪೂರಾ ಮುಚ್ಚಿದ ಸುದ್ದಿ ಅವರಿಗೆ ಊರಿಗೆ ಬಂದ ಮ್ಯಾಲೆ ಗೊತ್ತಾತು, ಬಾಳ ಮರುಗಿದರು.

ಬೆಂಗಳೂರು ಬಿಟ್ಟವನು

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೆನಪು ಚೆನ್ನಾಗಿದೆ. ಆದ್ರೆ ಜನರೇ ಬರೋದು ಬಿಟ್ಟ ಮೇಲೆ ಅದನ್ನ ಉಳಿಸೋಕೆ ಸಾರ್ವಜನಿಕ ಹಣ ಯಾಕೆ? ಅರವತ್ತರ ದಶಕದಿಂದ ಇಂಗ್ಲಿಷರು ವಿಮಾನ ಹತ್ತಿ ಸ್ಪೇನ್‌ಗೆ ಹೋಗೋಕೆ ಶುರು ಮಾಡಿದ್ರು. ಅಲ್ಲಿ ಬಿಸಿಲು ಗ್ಯಾರಂಟಿ. ಪಿಯರ್‌ಗಳ ಕಾಲ ಮುಗೀತು ಅಷ್ಟೆ. ಒಂದು ಊರಿಗೆ ಎರಡು ಪಿಯರ್ ಬೇಕಾಗಿರಲಿಲ್ಲ, ಒಂದು ಉಳೀತು. 2003ರಲ್ಲಿ ಅದಕ್ಕೆ ಬೆಂಕಿ ಬೀಳೋ ಹೊತ್ತಿಗೆ ಅದು ವ್ಯಾಪಾರವಾಗಿ ಸತ್ತೇ ಹೋಗಿತ್ತು. ಈಗಿರೋ ತುಕ್ಕು ಕಬ್ಬಿಣ ಯಾರ ಮೇಲಾದ್ರೂ ಬೀಳೋ ಮೊದಲು ತೆಗೆಯೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಹೋವ್‌ನವಳು

ವ್ಯಾಪಾರವಾಗಿ ಸತ್ತಿತ್ತು ಎಂಬುದು ನಿಜ. ಆದರೆ ಉಳಿಸಲು ಆಗುತ್ತಿರಲಿಲ್ಲ ಎಂಬುದು ನಿಜವಲ್ಲ. ಈ ಭಾಗವನ್ನು ವಿವರವಾಗಿ ಹೇಳಲೇಬೇಕು.

ಅರವತ್ತರ ದಶಕದಲ್ಲಿ ಪಿಯರ್ ಒಂದು ಹೋಟೆಲ್ ಕಂಪನಿಯ ಕೈಗೆ ಹೋಯಿತು. ರಿಪೇರಿ ಖರ್ಚು ಅವರಿಂದ ಆಗಲಿಲ್ಲ. 1970ರಲ್ಲಿ ತುದಿ ಮುಚ್ಚಿತು, 1975ರಲ್ಲಿ ಎಲ್ಲವೂ. ಊರಿನವರು ಹೋರಾಟ ಕಟ್ಟಿದರು. 1982ರಲ್ಲಿ ಅದಕ್ಕೆ ಸಂರಕ್ಷಿತ ಕಟ್ಟಡಗಳಲ್ಲಿ ಅತ್ಯುನ್ನತವಾದ ಒಂದನೇ ದರ್ಜೆ ಸಿಕ್ಕಿತು. ಆ ಮಾನ ಪಡೆದ ಮೊಟ್ಟಮೊದಲ ಪಿಯರ್ ಅದು. 1983ರಲ್ಲಿ ವೆಸ್ಟ್ ಪಿಯರ್ ಟ್ರಸ್ಟ್ ಅದನ್ನು 100 ಪೌಂಡಿಗೆ ಕೊಂಡಿತು. 1987ರ ಮಹಾ ಬಿರುಗಾಳಿಯಲ್ಲಿ ಇನ್ನಷ್ಟು ಜಖಂ. 1991ರಲ್ಲಿ ದಡಕ್ಕೆ ಸೇರುವ ತುಂಡನ್ನು ಅಪಾಯವೆಂದು ತೆಗೆದರು, ಪಿಯರ್ ದ್ವೀಪವಾಯಿತು.

1998ರಲ್ಲಿ, ರಾಷ್ಟ್ರೀಯ ಲಾಟರಿಯ ಹಣದಿಂದ ಹಳೆ ಕಟ್ಟಡಗಳಿಗೆ ನೆರವು ಕೊಡುವ ಲಾಟರಿ ನಿಧಿಯಿಂದ ಒಂದು ಕೋಟಿ 40 ಲಕ್ಷ ಪೌಂಡ್ ಘೋಷಣೆಯಾಯಿತು. ನಾಟಕಶಾಲೆ, ಸಭಾಂಗಣ ಎರಡೂ ಇನ್ನೂ ನಿಂತಿದ್ದವು! ಆದರೆ ಆ ಹಣ ಬರಬೇಕಾದರೆ ಉಳಿದ ಮೊತ್ತವನ್ನು ಖಾಸಗಿ ಪಾಲುದಾರರು ಹಾಕಬೇಕು, ಅವರಿಗೆ ಲಾಭ ಬರಲು ದಡದಲ್ಲಿ ಕಟ್ಟಡ ಬೇಕು, ಕಟ್ಟಡ ಬೇಡವೆಂದು ಕೆಲವು ನಿವಾಸಿಗಳು, ಸರ್ಕಾರಿ ಸಹಾಯಧನದ ಪಿಯರ್ ತಮಗೆ ಅನ್ಯಾಯದ ಪೈಪೋಟಿ ಎಂದು ಪ್ಯಾಲೇಸ್ ಪಿಯರ್‌ನ ಒಡೆಯರು. ಹೀಗೆ ನಾಲ್ಕು ವರ್ಷ ಹೋಯಿತು. 2002ರ ಡಿಸೆಂಬರ್ 29ರಂದು ಸಭಾಂಗಣದ ಒಂದು ಭಾಗ ಕುಸಿಯಿತು. 2003ರ ಮಾರ್ಚ್ 28ರಂದು ತುದಿಯ ಪೆವಿಲಿಯನ್‌ಗೆ ಬೆಂಕಿ. ಕುಸಿದ ಪಿಯರ್ ಮೇಲೆ ಅಗ್ನಿಶಾಮಕರು ಹೋಗುವ ಹಾಗಿಲ್ಲ, ದಡದಲ್ಲಿ ನಿಂತ ಊರು ನೋಡುತ್ತಲೇ ಇರಬೇಕಾಯಿತು. ಮೇ 11ರಂದು ಉಳಿದ ಸಭಾಂಗಣಕ್ಕೂ ಬೆಂಕಿ. ಯಾರೋ ಬೇಕೆಂದೇ ಹಚ್ಚಿದ್ದು ಎಂಬ ಅನುಮಾನ ಬಲವಾಗಿತ್ತು, ಯಾರೂ ಸಿಗಲಿಲ್ಲ. ಆಮೇಲೆ ಲಾಟರಿ ನಿಧಿ ಹಿಂದೆ ಸರಿಯಿತು. 2004ರ ಜೂನ್ ಗಾಳಿಗೆ ನಡುಭಾಗವೂ ಬಿತ್ತು.

ಸ್ಪೇನಿನ ಬಿಸಿಲು ಈ ಪಿಯರನ್ನು ಬಡವಾಗಿಸಿತು, ಒಪ್ಪುತ್ತೇನೆ. ಕೊಂದದ್ದು ಆ ನಾಲ್ಕು ವರ್ಷದ ವಾದ. ನನಗೆ ಈಗಲೂ ಸಂಕಟವಾಗುವುದು ಅಲ್ಲಿಯೇ.

ಸೇತುವೆ ಮೇಷ್ಟ್ರು

ಆ ಹೊತ್ತಿನಲ್ಲಿ ತಾತ್ಕಾಲಿಕ ಆಸರೆಗೆ ಒಂದಿಷ್ಟು ಹಣ ಬಿಡುಗಡೆ ಮಾಡಿದ್ದರೂ ಸಾಕಿತ್ತು. ಯೋಜನೆ ಪೂರ್ತಿ ಒಪ್ಪಿಗೆಯಾಗುವವರೆಗೆ ಒಂದು ಅಡ್ಡಪಟ್ಟಿಯನ್ನೂ ಬದಲಿಸದೆ ಕಾಯುವುದು ನಮ್ಮ ಊರಿನ ಹಳೆ ಕಟ್ಟಡಗಳಿಗೂ ಆಗುತ್ತಿರುವ ಅನ್ಯಾಯ.

ಬ್ರಿಸ್ಟಲ್ ಕನ್ನಡತಿ

ಉಳಿಸಿಕೊಂಡ ಪಿಯರ್‌ನ ಕಥೆಯನ್ನೂ ಕೇಳಿ. ನಮ್ಮ ಹತ್ತಿರದ ಕ್ಲೀವ್‌ಡನ್‌ನದು 1869ರಲ್ಲಿ ತೆರೆದದ್ದು. ಇಂಜಿನಿಯರ್ ಬ್ರುನೆಲ್‌ನ ಸೌತ್ ವೇಲ್ಸ್ ರೈಲುಮಾರ್ಗದಿಂದ ಕಿತ್ತ ಹಳೆ ಹಳಿಗಳನ್ನೇ ಬಗ್ಗಿಸಿ ಕಾಲುಗಳನ್ನು ಮಾಡಿದ್ದಾರೆ. ಸೆವರ್ನ್ ನದಿಮುಖದ ಉಬ್ಬರ ಇಳಿತ ಪ್ರಪಂಚದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು, ಆದ್ದರಿಂದ ಕಾಲುಗಳು ತುಂಬಾ ಎತ್ತರ, ತುಂಬಾ ಸಪೂರ. 1970ರಲ್ಲಿ ವಿಮೆಗಾಗಿ ಭಾರ ಹೇರಿ ಪರೀಕ್ಷೆ ಮಾಡುವಾಗ ಎರಡು ಅಂಕಣ ಮುರಿದು ನೀರಿಗೆ ಬಿದ್ದವು. ಕೆಡವಿಬಿಡೋಣ ಎಂಬ ಮಾತೂ ಬಂತು. 1980ರಲ್ಲಿ ಸಾರ್ವಜನಿಕ ವಿಚಾರಣೆ ನಡೆದು, ಪಿಯರ್ ಪರವಾಗಿ ತೀರ್ಮಾನವಾಗಿ, ಬಿಚ್ಚಿ ರಿಪೇರಿ ಮಾಡಿ 1989ರಲ್ಲಿ ಮತ್ತೆ ತೆರೆದರು. ಈಗ ಒಂದನೇ ದರ್ಜೆಯ ಪಿಯರ್‌ಗಳಲ್ಲಿ ಇಡಿಯಾಗಿ ಉಳಿದಿರುವುದು ಇದೊಂದೇ.

ಅಲ್ಲಿ ಆಟದ ಮಷೀನುಗಳಿಲ್ಲ, ಗದ್ದಲವಿಲ್ಲ. ಪುಟ್ಟ ಪ್ರವೇಶ ಶುಲ್ಕ, ತುದಿಯಲ್ಲಿ ಚಹಾ, ಮೀನು ಹಿಡಿಯುವವರು, ಬೇಸಿಗೆಯಲ್ಲಿ ಬಂದು ಹೋಗುವ ಹಡಗು. ಹಲಗೆಗಳ ತುಂಬ ಸಣ್ಣ ಹಿತ್ತಾಳೆ ಪಟ್ಟಿಗಳು: ಹಣ ಕೊಟ್ಟರೆ ನಿಮ್ಮವರ ಹೆಸರು ಕೆತ್ತಿಸಿ ಹಾಕುತ್ತಾರೆ. ತೀರಿಹೋದ ಅಜ್ಜಿಯ ಹೆಸರು, ಮದುವೆಯ ದಿನ, ನಾಯಿಯ ಹೆಸರು ಕೂಡ. ನಾವು ನಮ್ಮ ಅಮ್ಮನ ಹೆಸರು ಹಾಕಿಸಿದ್ದೇವೆ. ಅಮ್ಮ ಇಲ್ಲಿಗೆ ಬಂದಾಗ ದಿನವೂ ಅಲ್ಲಿಗೆ ಹೋಗಬೇಕು ಎನ್ನುತ್ತಿದ್ದರು.

ಆದರೆ ಉಳಿಸಿದ ಮಾತ್ರಕ್ಕೆ ಕಷ್ಟ ಮುಗಿಯುವುದಿಲ್ಲ, ಬೆಂಗಳೂರಿನವರ ಮಾತಿನಲ್ಲೂ ಸತ್ಯವಿದೆ. ಹೇಸ್ಟಿಂಗ್ಸ್ ನೋಡಿ. ಬರ್ಚ್‌ನದೇ ಪಿಯರ್, 2010ರಲ್ಲಿ ಸುಟ್ಟಿತು. ಜನ ಶೇರು ಕೊಂಡರು, ಲಾಟರಿ ಹಣ ಬಂತು, 2016ರಲ್ಲಿ ತೆರೆಯಿತು, 2017ರಲ್ಲಿ ವಾಸ್ತುಶಿಲ್ಪಕ್ಕೆ ಸ್ಟರ್ಲಿಂಗ್ ಪ್ರಶಸ್ತಿಯೂ ಬಂತು. ಅದೇ ವರ್ಷದ ಕೊನೆಗೆ ನಡೆಸುತ್ತಿದ್ದ ಸಂಸ್ಥೆ ದಿವಾಳಿಯ ಹಾದಿ ಹಿಡಿದು, 2018ರಲ್ಲಿ ಖಾಸಗಿಯವರಿಗೆ ಮಾರಾಟವಾಯಿತು. ಕಟ್ಟಲು ಹಣ ಕೊಡುವವರು ಸಿಗುತ್ತಾರೆ, ವರ್ಷವರ್ಷ ಬಣ್ಣ ಬಳಿಯಲು ಕೊಡುವವರು ಸಿಗುವುದಿಲ್ಲ.

ಕುಡ್ಲದ ಕಡಲು

ಈ ಹಿತ್ತಾಳೆ ಪಟ್ಟಿಯದ್ದು ಒಳ್ಳೆ ಉಪಾಯ ಅಕ್ಕಾ. ನಮ್ಮ ದೇವಸ್ಥಾನದ ಮೆಟ್ಟಿಲಲ್ಲಿ ಸೇವೆ ಕೊಟ್ಟವರ ಹೆಸರು ಇರುವ ಹಾಗೆ. ಅಮ್ಮನ ಹೆಸರು ಅಲ್ಲಿ ಉಂಟು ಅಂತ ಕೇಳಿ ಮನಸ್ಸು ತುಂಬಿತು.

ಹಕ್ಕಿಗಳ ಹಿಂದೆ

ಕಿತ್ತುಹಾಕಬೇಕು ಎನ್ನುವವರಿಗೆ ಒಂದು ಮಾತು. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಸಂಜೆ ಅಲ್ಲಿ ನಿಂತು ನೋಡಿ. ಸ್ಟಾರ್ಲಿಂಗ್ ಹಕ್ಕಿಗಳು, ನಮ್ಮ ಗೊರವಂಕದ ಬಳಗದವು, ಸಾವಿರಾರು ಒಟ್ಟಾಗಿ ಕಡಲ ಮೇಲೆ ಹಾರುತ್ತವೆ. ಇಡೀ ಗುಂಪು ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ, ಡೇಗೆ ಕಂಡರೆ ಮಿಂಚಿನಂತೆ ತಿರುಗುತ್ತದೆ. ಕತ್ತಲಾದಾಗ ಪಿಯರ್‌ಗಳ ಕಬ್ಬಿಣದ ಮೇಲೆ ರಾತ್ರಿ ಕಳೆಯಲು ಇಳಿಯುತ್ತವೆ. ಬ್ರಿಟನ್ನಿನಲ್ಲಿ ಈ ಹಕ್ಕಿ ಈಗ ಅಪಾಯದ ಕೆಂಪು ಪಟ್ಟಿಯಲ್ಲಿದೆ. ಮನುಷ್ಯರು ಬಿಟ್ಟ ಜಾಗವನ್ನು ಅವು ಬಳಸುತ್ತಿವೆ, ಅಷ್ಟಾದರೂ ಉಳಿಯಲಿ.

ಪಿಯರ್ ಕುಸಿಯುವ ಮೊದಲು ಟ್ರಸ್ಟ್‌ನವರು ತಲೆಗೆ ಹೆಲ್ಮೆಟ್ ಹಾಕಿಸಿ ಒಳಗೆ ಕರೆದೊಯ್ಯುತ್ತಿದ್ದರು. ನಾನು ಹೋಗಿದ್ದೆ. ನಾಟಕಶಾಲೆಯೊಳಗೆ ಹಿಕ್ಕೆ ಮೊಣಕಾಲ ಮಟ್ಟಕ್ಕೆ, ವಾಸನೆಗೆ ಕಣ್ಣಲ್ಲಿ ನೀರು. ಆದರೂ ಗೋಡೆಯ ಮೇಲಿನ ಗಾರೆಯ ಹೂಬಳ್ಳಿಗಳು ಕಾಣುತ್ತಿದ್ದವು. ಅಷ್ಟು ಚೆಂದದ ಕೋಣೆಯನ್ನು ಇಷ್ಟು ದಿನ ಯಾರೂ ಒರೆಸಿಲ್ಲವಲ್ಲ ಎಂದು ಅಳು ಬಂದಿತ್ತು.

ಧಾರವಾಡದಾಂವ

ಇನ್ನೊಂದು ಹೇಳೂದು ಉಳಿದಿತ್ತು. ಮೊದಲನೇ ಮಹಾಯುದ್ಧದಾಗ ಗಾಯ ಆದ ನಮ್ಮ ದೇಶದ ಸಿಪಾಯಿಗಳನ್ನ ಬ್ರೈಟನ್ನಿಗೆ ತಂದಿದ್ದರು, ರಾಯಲ್ ಪೆವಿಲಿಯನ್ ಅರಮನಿನೇ ದವಾಖಾನಿ ಮಾಡಿದ್ದರು. ಒಂಬತ್ತು ಅಡಗಿಮನಿ, ಹಿಂದೂಗಳಿಗೆ ಮುಸಲ್ಮಾನರಿಗೆ ಬ್ಯಾರೆ ಬ್ಯಾರೆ ನೀರಿನ ನಳ. ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನ ಊರ ಹೊರಗಿನ ಗುಡ್ಡದ ಮ್ಯಾಲೆ ಸುಟ್ಟು ಬೂದಿ ಇದೇ ಕಡಲಿಗೆ ಬಿಟ್ಟರು. 1921ರಾಗ ಅಲ್ಲಿ ಛತ್ರಿ ಅನ್ನೋ ಅಮೃತಶಿಲಾದ ಸ್ಮಾರಕ ಮಂಟಪ ಕಟ್ಟಿದರು, ಪ್ರತಿ ಜೂನ್‌ನ್ಯಾಗ ಅಲ್ಲಿ ಈಗೂ ಜನ ಕೂಡತಾರ. ಮಾವ ಪಿಯರ್ ಮ್ಯಾಲೆ ನಿಂತು ಆ ನೀರಿಗೆ ಕೈ ಮುಗೀತಿದ್ದರಂತ. ಆ ಸಿಪಾಯಿಗಳ ಪೈಕಿ ಆರಾಮಾದವರು ಇದೇ ದಂಡಿಗುಂಟ ಅಡ್ಡ್ಯಾಡಿರತಾರಲ್ಲರಿ.

ಬೆಂಗಳೂರು ಬಿಟ್ಟವನು

ಎಲ್ಲರೂ ಬರೆದದ್ದು ಓದಿದೆ. ಪಕ್ಕದಲ್ಲೇ 2016ರಲ್ಲಿ ಎದ್ದ 162 ಮೀಟರ್ ಎತ್ತರದ ಐ360 ಗೋಪುರ ವೆಸ್ಟ್ ಪಿಯರ್ ಜಾಗದಲ್ಲೇ ಇದೆಯಲ್ಲ, ಅದೇ ಹೊಸ ಪಿಯರ್ ಅಂತ ಅದನ್ನ ಕಟ್ಟಿಸಿದವರು ಹೇಳ್ಕೊಂಡಿದ್ರು. ನಾನು ಹತ್ತಿದ್ದೀನಿ. ನೋಟ ಚೆನ್ನಾಗಿದೆ. ಆದ್ರೆ ಅಲ್ಲಿ ಟಿಕೆಟ್ ತಗೊಂಡು ಮೇಲೆ ಹೋಗಿ ಇಳೀಬೇಕು, ಇಡೀ ಮಧ್ಯಾಹ್ನ ಕೂತ್ಕೊಂಡು ಕಾಗದ ಬರೆಯೋಕೆ ಆಗಲ್ಲ. ಧಾರವಾಡದವರ ಮಾವನ ಕಥೆ ಓದಿದ ಮೇಲೆ ಆ ವ್ಯತ್ಯಾಸ ತಲೇಲಿ ಕೂತಿದೆ. ಹಣದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದ್ರೆ ಚೌಕಟ್ಟು ಅಲ್ಲೇ ಇರಲಿ ಅಂತ ಈಗ ಅನ್ನಿಸ್ತಿದೆ.

ಮುಂದಿನ ತಿಂಗಳು ಅಪ್ಪ ಅಮ್ಮ ಬರ್ತಿದ್ದಾರೆ. ಅಮ್ಮನಿಗೆ ಮಂಡಿ ನೋವು. ಎಲ್ಲಿಂದ ನೋಡಿದ್ರೆ ಚೆನ್ನಾಗಿ ಕಾಣುತ್ತೆ ಹೇಳ್ತೀರಾ?

ಹೋವ್‌ನವಳು

ಖಂಡಿತ. ಬ್ರೈಟನ್ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಸೀದಾ ರೀಜೆನ್ಸಿ ಸ್ಕ್ವೇರ್ ಎದುರು ಇಳಿಯಿರಿ. ಮೇಲಿನ ರಸ್ತೆಯ ಪಕ್ಕದ ಕಾಲುದಾರಿ ಸಮತಟ್ಟಾಗಿದೆ, ಬೆಂಚುಗಳಿವೆ, ಅಲ್ಲಿಂದಲೇ ಚೌಕಟ್ಟು ಪೂರ್ತಿ ಕಾಣುತ್ತದೆ. ಕೆಳಗಿನ ದಂಡೆ ಪೂರ್ತಿ ಉರುಟು ಕಲ್ಲು, ಮಂಡಿ ನೋವಿದ್ದವರನ್ನು ಅಲ್ಲಿ ಇಳಿಸಬೇಡಿ. ಗೋಪುರದ ಬುಡದಲ್ಲಿ ಹಳೆಯ ಸುಂಕದ ಕಟ್ಟೆಯ ರೂಪದಲ್ಲೇ ಮತ್ತೆ ಕಟ್ಟಿದ ಮಂಟಪಗಳಿವೆ. ಹಳೆ ಪಿಯರ್‌ನ ಬೀಡುಕಬ್ಬಿಣದ ಕಂಬಗಳನ್ನೂ ದಂಡೆಯ ಮೇಲೆ ನೆಟ್ಟಿದ್ದಾರೆ. ಅಪ್ಪ ಬೇಕಿದ್ದರೆ ಹೋಗಿ ಮುಟ್ಟಿ ನೋಡಲಿ, ಮೇಷ್ಟ್ರು ಹೇಳಿದ ಕಂಬ ಎಷ್ಟು ತೆಳ್ಳಗಿತ್ತು ಎಂದು ಕೈಗೇ ಗೊತ್ತಾಗುತ್ತದೆ.

ಇಳಿತ ಜೋರಾಗಿದ್ದಾಗ ಕೆಲವರು ಕಬ್ಬಿಣದ ಹತ್ತಿರದವರೆಗೆ ನಡೆದು ಹೋಗುತ್ತಾರೆ. ದಯವಿಟ್ಟು ಬೇಡ. 2014ರ ಫೆಬ್ರುವರಿ ಬಿರುಗಾಳಿಯಲ್ಲಿ ಒಂದು ದೊಡ್ಡ ಭಾಗ ಕಿತ್ತುಹೋಗಿದೆ, ನೀರಿನಡಿ ಮುರಿದ ತೊಲೆಗಳಿವೆ. ಸಂಜೆ ಬರುವುದಾದರೆ ಅಮ್ಮನಿಗೆ ಶಾಲು, ಉಣ್ಣೆಯ ಟೋಪಿ ಇರಲಿ, ಗಾಳಿ ತುಂಬಾ ಚಳಿ. ಬರುವ ದಿನ ಇಲ್ಲಿ ತಿಳಿಸಿ, ನಾನು ಬಂದು ಜೊತೆಗಿರುತ್ತೇನೆ, ಫ್ಲಾಸ್ಕ್‌ನಲ್ಲಿ ಕಾಫಿ ತರುತ್ತೇನೆ.